ಪಿ0420 ಕೋಡ್ ಬಂದದ, ಎರಡೂ ಕ್ಯಾಟ್ (ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಬದಲಿಸ್ರಿ ಅಂತಾರ: ಖರೇನ ಹೋಗ್ಯಾವೋ ಇಲ್ಲೋ ಹೆಂಗ ತಿಳಕೊಳ್ಳೋದು?

ಗೋಳಗುಮ್ಮಟ 1.2 (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2018ರದ್ದು, ಬಿಎಸ್-4, 1.2 ಪೆಟ್ರೋಲ್, ನಾಲ್ಕು ಸಿಲಿಂಡರ್, 94,000 ಕಿ.ಮೀ. ಓಡ್ಯದ. ಚೆಕ್ ಎಂಜಿನ್ ಲೈಟ್ ಹತ್ತಿದ್ದು ಆರವಲ್ದು. ಸ್ಕ್ಯಾನರ್‌ನ್ಯಾಗ ಪಿ0420, ಅದರ ಜೋಡಿ ಹಳೇದೊಂದು ಪಿ0302. ಊರೊಳಗ ಏನೂ ತಿಳಿಯೂದಿಲ್ಲ, ನಿಡಗುಂದಿ ಕಡೆ ಹೈವೇಕ್ ಹತ್ತಿದ್ರ 80ರ ಮ್ಯಾಲ ಉಸಿರು ಕಟ್ಟಿದಂಗ ಆಗ್ತದ. ಕ್ಯಾಟ್ ಎರಡು ಅವ: ಒಂದು ಎಂಜಿನ್ನಿನಿಂದ ಹೊಗಿ ಹೊರಗ ತರೋ ಮ್ಯಾನಿಫೋಲ್ಡಿಗೇ ಹತ್ತಿಕೊಂಡದ್ದು, ಇನ್ನೊಂದು ಸೀಟಿನ ಕೆಳಗ. ಎರಡೂ ಕ್ಯಾಟ್, ಮೊದಲನೇ ಕ್ಯಾಟಿನ ಹಿಂದ ಮುಂದ ಇರೋ ಎರಡೂ ಆಕ್ಸಿಜನ್ ಸೆನ್ಸರ್ ಹಾಕಬೇಕು ಅಂತ ಗ್ಯಾರೇಜಿನ್ಯಾಗ ಹೇಳ್ಯಾರ. ಕೊಟೇಶನ್ ನೋಡಿದ್ರ ಗಾಡಿ ಮಾರಿದ್ರ ಬರೋ ರೊಕ್ಕದ ಕಾಲು ಪಾಲು. ಮೊದಲು ಏನು ನೋಡಬೇಕ್ರಿ?

ಓಬಿಡಿ ಕಾಕಾ (ಬೆಳಗಾವಿ)

ತಮ್ಮಾ, ಕೋಡ್ ಅಳಿಸಬ್ಯಾಡ. ಮೊದಲು ಫ್ರೀಜ್ ಫ್ರೇಮ್ ಬರಕೋ: ಕೋಡ್ ಬಿದ್ದಾಗ ಆರ್‌ಪಿಎಂ ಎಷ್ಟು, ಕೂಲಂಟ್ ಎಷ್ಟು ಡಿಗ್ರಿ, ಫ್ಯುಯೆಲ್ ಟ್ರಿಮ್ (ಗಾಡಿ ತಾನಾಗೇ ಪೆಟ್ರೋಲ್ ಎಷ್ಟು ಪರ್ಸೆಂಟ್ ಹೆಚ್ಚು-ಕಡಿಮಿ ಮಾಡೈತಿ ಅನ್ನೋದು) ಎಷ್ಟು. ಅಳಿಸಿದ ಮ್ಯಾಲ ಅದು ತಿರುಗಿ ಸಿಗೂದಿಲ್ಲ.

ಪಿ0420 ಅಂದ್ರ "ಕ್ಯಾಟ್ ಹೋತು" ಅಂತ ಅಲ್ಲ. ಮುಂದಿನ ಸೆನ್ಸರ್ ಕುಣಿದಂಗ ಹಿಂದಿನದೂ ಕುಣಿಯಾಕತ್ತೈತಿ ಅಂತ ಇಸಿಯು, ಅಂದ್ರ ಎಂಜಿನ್ ಕಂಪ್ಯೂಟರ್, ಕೊಟ್ಟ ದೂರು, ಅಷ್ಟ. ಕ್ಯಾಟಿನ ಜೇನುಗೂಡಿನ ಮ್ಯಾಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಜೋಡಿ ಸೀರಿಯಂ ಲೇಪ ಇರತೈತಿ. ಸೀರಿಯಂ ಆಕ್ಸಿಜನ್ ಹಿಡಿದಿಟ್ಟು ಬೇಕಾದಾಗ ಬಿಡತೈತಿ, ಅದಕ್ಕ ಹಿಂದಿನ ಸೆನ್ಸರ್ ಶಾಂತ ಇರತೈತಿ. ಆ ಹಿಡಿಯೋ ಶಕ್ತಿ ಕಡಿಮಿ ಆತು ಅನ್ನೋದನ್ನ ಇಸಿಯು ಲೆಕ್ಕ ಹಾಕಿ ಹೇಳತೈತಿ. ಸೈಲೆನ್ಸರ್ ಪೈಪಿನ ಜಾಯಿಂಟ್‌ನ್ಯಾಗ ಸಣ್ಣ ತೂತಿದ್ರೂ ಅದ ದೂರು ಬರಬಹುದು.

ನಿನ್ನ ಗಾಡಿಗೆ ಖರೇ ಸುಳಿವು ಪಿ0302. ಎರಡನೇ ಸಿಲಿಂಡರ್ ಮಿಸ್ ಹೊಡದೈತಿ. ಸುಡದ ಪೆಟ್ರೋಲ್ ಕ್ಯಾಟಿಗೆ ಹೋಗಿ ಅಲ್ಲೇ ಉರಿದ್ರ ಒಳಗಿನ ಸಿರಾಮಿಕ್ ಕರಗತೈತಿ. ಕ್ಯಾಟ್ ತಾನಾಗೇ ಸಾಯೋದು ಭಾಳ ಅಪರೂಪ, ಯಾರಾದ್ರೂ ಮುಂದ ನಿಂತು ಕೊಂದಿರತಾರ. ಕೊಂದವನನ್ನ ಹಿಡೀದ ಹೊಸದು ಹಾಕಿದ್ರ ಅದೂ ವರ್ಷ ಬಾಳೂದಿಲ್ಲ.

ಇದನ್ನೆಲ್ಲಾ ಫೋನಿನ್ಯಾಗ ಓದಾಕ ಸಾವಿರ ರೂಪಾಯಿ ಒಳಗಿನ ಬ್ಲೂಟೂತ್ ಡಾಂಗಲ್ ಸಾಕು. ಗಾಡಿ ಪೂರ್ತಿ ಬಿಸಿ ಮಾಡು, 2500 ಆರ್‌ಪಿಎಂ ಎರಡು ಮಿನಿಟ್ ಹಿಡಿ, ಎರಡೂ ಸೆನ್ಸರಿನ ಗ್ರಾಫ್ ಒಂದ ಸ್ಕ್ರೀನಿನ ಮ್ಯಾಲ ತಗೊಂಡು ಇಲ್ಲಿ ಹಾಕು. ಶಾರ್ಟ್ ಟ್ರಿಮ್ (ಆ ಕ್ಷಣದ್ದು), ಲಾಂಗ್ ಟ್ರಿಮ್ (ಭಾಳ ದಿನದಾಗ ಕಲಿತದ್ದು) ಎರಡೂ ಬರಿ.

ನವನಗರ ವೈರಿಂಗ್ (ಬಾಗಲಕೋಟ)

ಕಾಕಾ ಹೇಳಿದ್ದಕ್ಕ ಒಂದು ಸೇರಸ್ತೀನಿ. ಮುಂದಿನ ಸೆನ್ಸರ್ ಯಾವ ಜಾತಿ ಅಂತ ಮೊದಲು ನೋಡ್ರಿ. ಹಳೇ ಪದ್ಧತಿದು ಇದ್ರ 0.1ರಿಂದ 0.9 ವೋಲ್ಟ್ ನಡುವ ಮ್ಯಾಲ ಕೆಳಗ ಹಾರತೈತಿ. ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತವನ್ನೇ ಅಳಿಯೋ ಹೊಸ ಜಾತಿ) ಇದ್ರ ಹಂಗ ಹಾರೂದಿಲ್ಲ, ಅದರ ಗ್ರಾಫನ್ನ ಹಿಂದಿನದರ ಜೋಡಿ ಹೋಲಿಸಿದ್ರ ಎಂತವರಿಗೂ ಗೊಂದಲ. ಆವಾಗ ಹಿಂದಿನದನ್ನಷ್ಟ ನೋಡ್ರಿ: ಬಿಸಿ ಗಾಡಿ, ಒಂದೇ ವೇಗ, 0.6–0.7 ವೋಲ್ಟ್ ಹತ್ರ ಸುಮ್ಮನ ಕೂತಿದ್ರ ಕ್ಯಾಟ್ ದುಡಿಯಾಕತ್ತೈತಿ.

ಹಿಂದಿನ ಸೆನ್ಸರ್ ಸತ್ತಿದ್ರ ಪಿ0420 ಬರೂದಕ್ಕಿಂತ ಪಿ0136ರಿಂದ ಪಿ0141ರ ಒಳಗಿನದ್ಯಾವುದಾದ್ರೂ ಬರೋದು ಜಾಸ್ತಿ. ಸೆನ್ಸರ್ ಮುದುಕಾದ್ರ ನಿಧಾನ ಆಗತೈತಿ, ನಿಧಾನ ಆದ್ರ ಗ್ರಾಫ್ ಇನ್ನೂ ಸಪಾಟ ಕಾಣತೈತಿ, ಅಂದ್ರ ಕೆಟ್ಟ ಕ್ಯಾಟನ್ನ ಅದು ಮುಚ್ಚಿಡತೈತಿ. ಅದಕ್ಕ "ಪಿ0420ಗೆ ಹಿಂದಿನ ಸೆನ್ಸರ್ ಬದಲಿಸಿ ನೋಡೂಣು" ಅನ್ನೋದು ಬಹುಪಾಲು ರೊಕ್ಕ ದಂಡ.

ಟ್ರಿಮ್ ಬಗ್ಗೆ ಇನ್ನೊಂದು. ಈಗ ಬಂಕಿನ್ಯಾಗ ಸಿಗೋದು ಇ20, ಅಂದ್ರ 20 ಪರ್ಸೆಂಟ್ ಎಥನಾಲ್ ಕೂಡಿಸಿದ ಪೆಟ್ರೋಲ್; ಇ10ದಾಗ 10 ಪರ್ಸೆಂಟ್. ಇ10ಕ್ಕ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 14.1, ಇ20ಕ್ಕ ಸುಮಾರು 13.5. ಅಂದ್ರ ಇ10ಕ್ಕ ಹೊಂದಿಸಿದ ಗಾಡಿ ಏನೂ ತಪ್ಪಿಲ್ಲದ ನಾಕೈದು ಪರ್ಸೆಂಟ್ ಪ್ಲಸ್ ತೋರಿಸತೈತಿ. ನಮ್ಮ ಫ್ಯಾಕ್ಟರಿ ಕಬ್ಬಿನ ಸ್ಪಿರಿಟ್ ನಮ್ಮ ಟ್ಯಾಂಕಿಗೇ ಬಂದೈತಿ, ಅದನ್ನ ಲೀಕ್ ಅಂತ ತಿಳಕೊಂಡು ಇಂಟೇಕ್ (ಎಂಜಿನ್ನಿಗೆ ಗಾಳಿ ಹೋಗೋ ದಾರಿ) ಬಿಚ್ಚಬ್ಯಾಡ್ರಿ. ಎರಡೂ ಟ್ರಿಮ್ ಕೂಡಿಸಿದ್ರ ಪ್ಲಸ್ 10 ದಾಟಿದ್ರ ಲೀಕ್ ಹುಡುಕ್ರಿ. ಮೈನಸ್ 10 ದಾಟಿದ್ರ ಇಂಜೆಕ್ಟರ್ ಸೋರಾಕತ್ತೈತೇನು ನೋಡ್ರಿ. ಪ್ಲಸ್‌ಗಿಂತ ಮೈನಸ್ಸೇ ಕ್ಯಾಟಿಗೆ ಜಾಸ್ತಿ ವಿಷ.

ಗೋಳಗುಮ್ಮಟ 1.2

ನೋಡಿದ್ನ್ರಿ. ಫ್ರೀಜ್ ಫ್ರೇಮ್: 2310 ಆರ್‌ಪಿಎಂ, ಕೂಲಂಟ್ 91 ಡಿಗ್ರಿ. ಲಾಂಗ್ ಟ್ರಿಮ್ ಪ್ಲಸ್ 4, ಶಾರ್ಟ್ ಪ್ಲಸ್ ಮೈನಸ್ 3ರ ಒಳಗ. ಮುಂದಿನ ಸೆನ್ಸರ್ 0.1–0.85 ಹಾರೂದು. ಹಿಂದಿನದು 2500 ಆರ್‌ಪಿಎಂಗೆ 0.15ರಿಂದ 0.78, ಹೆಚ್ಚುಕಡಿಮಿ ಮುಂದಿನದರ ತಾಳಕ್ಕೇ.

ಪಿಯುಸಿ ಡಬ್ಬಿ (ಬೆಳಗಾವಿ)

ಹೊಗೆ ತಪಾಸಣೆಯ ಚೀಟಿ (ಪಿಯುಸಿ) ಇದ್ದರೆ ಅದನ್ನೂ ನೋಡಿ. ಬಿಎಸ್-4 ಮತ್ತು ಬಿಎಸ್-6 ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ನಡೆಯುವಾಗ) ಇಂಗಾಲದ ಮಾನಾಕ್ಸೈಡ್ 0.3%, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2500 ಆರ್‌ಪಿಎಂಗೆ ಮಾನಾಕ್ಸೈಡ್ 0.2%, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಬೆರಕೆಯ ಅಳತೆ, 1 ಎಂದರೆ ಸರಿಯಾದ ಬೆರಕೆ) 0.97ರಿಂದ 1.03. ಲ್ಯಾಂಬ್ಡಾ 1.03 ದಾಟಿದ್ದರೆ ಕ್ಯಾಟ್ ಬೈಯುವ ಮೊದಲು ಪೈಪಿನ ಸೋರಿಕೆ ಹುಡುಕಿ, ಹೊರಗಿನ ಗಾಳಿ ಒಳಸೇರುತ್ತಿರುತ್ತದೆ.

ಆದರೆ ಪಿಯುಸಿ ಪಾಸಾಯಿತು ಎಂದರೆ ಕ್ಯಾಟ್ ಗಟ್ಟಿಮುಟ್ಟಾಗಿದೆ ಎಂದಲ್ಲ. ನಿಂತ ಗಾಡಿಯಲ್ಲಿ ಹೊಗೆಯ ಹರಿವು ಕಡಿಮೆ, ಅರೆಜೀವದ ಕ್ಯಾಟ್ ಕೂಡ ಅಷ್ಟನ್ನು ತೊಳೆದು ಕಳಿಸುತ್ತದೆ. ಹೈವೇಯಲ್ಲಿ ಆಗದು. ಇನ್ನೊಂದು ಮಾತು, ತಣ್ಣಗಿನ ಗಾಡಿ ತಂದು ಅಳೆಸಬೇಡಿ. ಕ್ಯಾಟ್ ಕೆಲಸ ಶುರು ಮಾಡುವುದೇ 250–300 ಡಿಗ್ರಿ ದಾಟಿದ ಮೇಲೆ.

ಓಬಿಡಿ ಕಾಕಾ

ಹಿಂದಿನದು ತಾಳ ಹಾಕಾಕತ್ತೈತಿ ಅಂದ್ರ ಮೊದಲನೇ ಕ್ಯಾಟ್ ಸೋತೈತಿ, ಅದರ ಬಗ್ಗೆ ಅನುಮಾನ ಕಡಿಮಿ. ಆದ್ರ ಇಲ್ಲಿ ಎರಡು ರೋಗ ಅದಾವು, ಒಂದು ಅಂತ ತಿಳಿಬ್ಯಾಡ. ಸೋತ ಕ್ಯಾಟ್ ಗಾಡಿ ಎಳೆಯೋದನ್ನ ತಡೆಯೂದಿಲ್ಲ. ಎಳೆಯೋದು ತಡೀಬೇಕಂದ್ರ ಕಟ್ಟಿಕೊಂಡಿರಬೇಕು. ಸೋತದ್ದು ಬ್ಯಾರೆ, ಕಟ್ಟಿದ್ದು ಬ್ಯಾರೆ. ಪಿ0420 ನೋಡೋ ಸೆನ್ಸರ್ ಮೊದಲನೇ ಕ್ಯಾಟಿನ ಬೆನ್ನಿಗೇ ಇರತೈತಿ. ಸೀಟಿನ ಕೆಳಗಿನದರ ಆರೋಗ್ಯ ಇಸಿಯುಗೆ ಗೊತ್ತೇ ಆಗೂದಿಲ್ಲ. ಎರಡೂ ಹೋಗ್ಯಾವು ಅಂತ ಕೋಡ್ ನೋಡಿ ಹೇಳಿದ್ರ ಅದು ಊಹೆ.

ಕಟ್ಟಿದ್ದು ತಿಳೀಲಿಕ್ಕ ಬ್ಯಾಕ್ ಪ್ರೆಶರ್ (ಹೊಗಿ ಹೊರಗ ಹೋಗಲಾರದ ಹಿಂದಕ್ಕ ಕೊಡೋ ಒತ್ತಡ) ಅಳಿ. ಮುಂದಿನ ಸೆನ್ಸರ್ ಬಿಚ್ಚು, 22ರ ಪಾನಾ. ಆ ತೂತಿನ ಥ್ರೆಡ್ ಎಂ18, ಪಿಚ್ 1.5. ಅದಕ್ಕ ಅಡಾಪ್ಟರ್ ಹಾಕಿ ಒತ್ತಡ ಅಳಿಯೋ 0–15 ಪಿಎಸ್‌ಐ ಗೇಜ್ ಕೂಡಿಸು. ಗೇಜಿಗೆ ಹೋಗೋ ನಳಿಗಿ ಒಂದು ಮೀಟರ್ ತಾಮ್ರದ್ದಿರಲಿ, ರಬ್ಬರ್ ಸುಟ್ಟು ಹೋಗತೈತಿ. ಐಡಲ್‌ನ್ಯಾಗ ಒಂದೂವರಿ ಪಿಎಸ್‌ಐ ಒಳಗ, 2500ಕ್ಕ 3ರ ಒಳಗ ಇರಬೇಕು.

ಆಮ್ಯಾಲ ಅದ ಗೇಜನ್ನ ಹಿಂದಿನ ಸೆನ್ಸರಿನ ತೂತಿಗೆ ಹಾಕು. ಇದನ್ನ ಭಾಳ ಮಂದಿ ಮಾಡೂದಿಲ್ಲ, ಇಲ್ಲೇ ಅರ್ಧ ರೊಕ್ಕ ಉಳಿಯೋದು. ಮುಂದ ಜಾಸ್ತಿ, ನಡುವ ಕಡಿಮಿ ಅಂದ್ರ ಮೊದಲನೇದು ಕಟ್ಟೈತಿ. ಮುಂದೂ ಜಾಸ್ತಿ, ನಡುವೂ ಜಾಸ್ತಿ ಅಂದ್ರ ಅಡ್ಡಿ ಹಿಂದಿನದರಾಗ, ಎರಡನೇ ಕ್ಯಾಟ್ ಇಲ್ಲಾ ಸೈಲೆನ್ಸರ್.

ಗೇಜ್ ಸಿಗದಿದ್ರ ವ್ಯಾಕ್ಯೂಮ್ ಗೇಜ್ ಇಂಟೇಕಿಗೆ ಹಚ್ಚು. ಪುಸ್ತಕದಾಗ ಐಡಲ್‌ಗೆ 17–21 ಇಂಚು (ಪಾದರಸದ ಲೆಕ್ಕ) ಅಂತ ಇರತೈತಿ, ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚು ಕಳಿ. ಬೆಳಗಾವಿ ಸುಮಾರು 2500 ಅಡಿ, ವಿಜಯಪುರ 2000ದ ಹತ್ರ. ಅಂದ್ರ ನಿಮ್ಮಲ್ಲಿ 15–19 ಬಂದ್ರ ಚಲೋ. ನಂಬರಿಗಿಂತ ಮುಳ್ಳಿನ ನಡತಿ ನೋಡು: 2500 ಹಿಡಿದು ನಿಂತ್ರ ಮುಳ್ಳು ನಿಧಾನಕ್ಕ ಇಳಕೊಂತ ಹೊಂಟ್ರ ಹಿಂದ ಕಟ್ಟೈತಿ.

ಎನ್‌ಎಚ್48 ಪಯಣಿಗ (ನಿಪ್ಪಾಣಿ)

ಇಷ್ಟೆಲ್ಲಾ ಯಾಕ್ರಿ? ಕ್ಯಾಟ್ ಬಿಚ್ಚಿ ರಾಡ್ ಹಾಕಿ ಒಳಗಿನ ಗೂಡು ಒಡದು ತೆಗೀರಿ, ಹಿಂದಿನ ಸೆನ್ಸರಿಗೆ ಸ್ಪೇಸರ್ (ಅದನ್ನ ಹೊಗಿಯಿಂದ ದೂರ ಸರಿಸೋ ತುಂಡು) ಹಾಕ್ರಿ. ತವಂದಿ ಘಾಟ ಹಾರಕೊಂತ ಏರತೈತಿ.

ಪಿಯುಸಿ ಡಬ್ಬಿ

ಏರಲಿ ಸರ್, ಮುಂದಿನ ಪಿಯುಸಿಯಲ್ಲಿ ಹೈಡ್ರೋಕಾರ್ಬನ್ 200 ದಾಟುವುದನ್ನು ಘಾಟ್ ತಡೆಯುವುದಿಲ್ಲವಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 190(2)ರಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬರೆದಿದೆ. ಗಾಡಿ ಮಾರುವಾಗ ತಿಳಿದವರು ಅಡಿಗೆ ಬಗ್ಗಿ ಬೆರಳಿನಿಂದ ಬಾರಿಸುತ್ತಾರೆ, ಖಾಲಿ ಡಬ್ಬಿ ಡಣ್ ಅನ್ನುತ್ತದೆ.

ನವನಗರ ವೈರಿಂಗ್

ಮತ್ತ ಆ ಘಾಟ ಏರೂದೂ ಪೂರ್ತಿ ಖರೇ ಅಲ್ಲ. ಕಟ್ಟಿದ ಕ್ಯಾಟ್ ತೆಗೆದ್ರ ಹಗರ ಅನಸ್ತೈತಿ, ಅದು ಕಟ್ಟಿದ್ದು ಹೋದದ್ದಕ್ಕ. ಚಲೋ ಕ್ಯಾಟ್ ಹಾಕಿದ್ರೂ ಅಷ್ಟ ಏರತೈತಿ.

ಗೋಳಗುಮ್ಮಟ 1.2

ಅಳದ್ನ್ರಿ ಕಾಕಾ. ಮುಂದಿನ ತೂತು: ಐಡಲ್ 1.8, 2500ಕ್ಕ 6. ನಡುವಿನ ತೂತು: 2500ಕ್ಕ 5. ತಣ್ಣಗಿದ್ದಾಗ ರಬ್ಬರ್ ಸುತ್ತಿಗಿಯಿಂದ ಬಡದ್ರ ಮೊದಲನೇದು ಗಲಗಲ ಅಂತದ.

ಓಬಿಡಿ ಕಾಕಾ

ಈಗ ಚಿತ್ರ ಸ್ಪಷ್ಟ ಆತು. ಮೊದಲನೇದರ ಒಳಗ ಬೀಳೋ ಒತ್ತಡ ಒಂದ ಪಿಎಸ್‌ಐ. ಉಳಿದ ಐದು ಅದರ ಹಿಂದ. ಮೊದಲನೇದರ ಗೂಡು ಒಡದು, ಚೂರು ಹರಕೊಂಡು ಹೋಗಿ ಎರಡನೇದರ ಮಾರಿಗೆ ಬಡಕೊಂಡಾವು. ಎರಡನೇ ಕ್ಯಾಟ್ ಸತ್ತಿಲ್ಲ, ಅದರ ಬಾಗಲಿಗೆ ಯಾರೋ ಕಲ್ಲು ಸುರದಾರ ಅನ್ನೂಣು.

ಎರಡರ ನಡುವಿನ ಫ್ಲಾಂಜ್ (ಬೋಲ್ಟ್ ಹಾಕಿದ ಜಾಯಿಂಟ್) ಬಿಚ್ಚು, ಟಾರ್ಚ್ ಹಾಕು. ಎರಡನೇದರ ಮುಖದ ಮ್ಯಾಲ ಬೂದು ಬಣ್ಣದ ಚೂರು ಕೂತಿದ್ರ ಮುಖ ಕೆಳಗ ಮಾಡಿ ಕೈಲೆ ತಟ್ಟಿ ಉದುರಿಸು, ಹಿಂದಿನಿಂದ ಹಗರಕ ಗಾಳಿ ಬಿಡು. ಚೂಪು ಕಡ್ಡಿ ಹಾಕಿ ಕೆದರಬ್ಯಾಡ, ಗೂಡಿನ ಗ್ವಾಡಿ ಹಪ್ಪಳಕ್ಕಿಂತ ತೆಳು. ಸಾಮಾನ್ಯ ಕ್ಯಾಟಿನ್ಯಾಗ ಒಂದು ಚದರ ಇಂಚಿಗೆ 400 ಕಿಂಡಿ ಇರತಾವು. ಇನ್ನೊಂದು ತುದಿಯಿಂದ ಬೆಳಕು ಹಾಕಿದ್ರ ಕಿಂಡಿಯೆಲ್ಲಾ ಒಂದ ಸಮ ಬೆಳಗಬೇಕು. ಗಾಜಿನಂಗ ಕರಗಿ ಮಿಂಚೋ ಜಾಗ ಕಂಡ್ರ ಅದೂ ಹೋತು. ಬಿಳಿ ಬೂದಿ ಪದರ ಕೂತಿದ್ರ ಎಂಜಿನ್ ಆಯಿಲ್ ಕುಡಿಯಾಕತ್ತೈತಿ. ಬರೇ ಕರೀ ಮಸಿ ಇದ್ರ ಹೈವೇದಾಗ ಅರ್ಧ ತಾಸು ಓಡಿದ್ರ ಸುಟ್ಟು ಹೋಗತೈತಿ.

ಎರಡನೇದರ ಹಿಂದ ಸೈಲೆನ್ಸರಿಗೂ ಬಿಚ್ಚೋ ಜಾಯಿಂಟ್ ಇದ್ರ ಅದನ್ನ ಸಡ್ಲ ಮಾಡಿ ಇನ್ನೊಮ್ಮೆ ಒತ್ತಡ ಅಳಿ. ಇಳೀತು ಅಂದ್ರ ಚೂರು ಸೈಲೆನ್ಸರ್ ತನಕ ಹೋಗ್ಯಾವು.

ಗೋಳಗುಮ್ಮಟ 1.2

ಸೈಲೆನ್ಸರ್ ಬಿಚ್ಚಿದ್ರ ಒತ್ತಡ ಇಳೀಲಿಲ್ಲ. ಎರಡನೇದರ ಮುಖದ ಮ್ಯಾಲ ಚೂರು, ಸುಮಾರು ಮೂರು ಭಾಗದಾಗ ಎರಡು ಮುಚ್ಚಿತ್ತು. ಉದುರಿಸಿದೆ, ಒಂದು ಬೊಗಸಿ ಬಂತು. ಬೆಳಕು ಒಂದ ಸಮ ಕಾಣ್ತದ, ಒಂದು ಮೂಲ್ಯಾಗ ನಾಕೈದು ಕಿಂಡಿ ಮುಕ್ಕಾಗ್ಯಾವು.

ಓಬಿಡಿ ಕಾಕಾ

ನಾಕೈದು ಕಿಂಡಿ ಲೆಕ್ಕಕ್ಕಿಲ್ಲ. ಅದನ್ನ ಹಂಗ ಹಾಕು. ಆ ಬೊಗಸಿ ಚೂರು ಚೆಲ್ಲಬ್ಯಾಡ, ಡಬ್ಬಿಯಾಗ ತುಂಬಿಡು. ಯಾಕಂತ ವೆಲ್ಡಿಂಗ್ ಅಣ್ಣಾರು ಹೇಳತಾರ.

ಉದ್ಯಮಬಾಗ ವೆಲ್ಡಿಂಗ್ (ಬೆಳಗಾವಿ)

ಹಳೇ ಕ್ಯಾಟಿನ ಕಿಮ್ಮತ್ತು ತಗಡಿನ್ಯಾಗ ಇಲ್ಲ, ಆ ಚೂರಿನ ಮ್ಯಾಲಿನ ಲೇಪದಾಗ ಐತಿ. ಗ್ಯಾರೇಜಿನ್ಯಾಗ ಬಿಟ್ಟು ಬಂದ್ರ ನಿಮ್ಮ ಖರ್ಚಿನ ಒಂದು ಪಾಲು ಅಲ್ಲೇ ಬಿಟ್ಟಂಗ. ಹಳೇ ಸಾಮಾನು ವಾಪಸ್ ಬೇಕು ಅಂತ ಕೆಲಸ ಶುರು ಆಗೋಕ್ಕಿಂತ ಮೊದಲ ಹೇಳ್ರಿ. ಗುಜರಿಯವರು ಕಬ್ಬಿಣದ ತೂಕಕ್ಕ ಕೇಳಿದ್ರ ಕೊಡಬ್ಯಾಡ್ರಿ. ಕ್ಯಾಟ್ ಖರೀದಿ ಮಾಡೋರು ಡಬ್ಬಿ ಮ್ಯಾಲ ಹೊಡದ ನಂಬರ್ ನೋಡಿ, ಆ ದಿನದ ಲೋಹದ ದರಕ್ಕ ರೇಟ್ ಹೇಳತಾರ. ಫೋಟೊ ತಗದು ಎರಡು-ಮೂರು ಕಡೆ ಕೇಳ್ರಿ.

ಹೊಸದು ತಗೊಳ್ಳೋದು ಮೂರು ದಾರಿ. ಕಂಪನಿದು, ಮ್ಯಾನಿಫೋಲ್ಡ್ ಸಮೇತ: ತುಟ್ಟಿ, ಆದ್ರ ಕೂತ ಮ್ಯಾಲ ತಲಿಬ್ಯಾನಿ ಇಲ್ಲ. ಎರಡನೇದು ಬ್ಯಾರೆ ಕಂಪನಿಯ ಬೋಲ್ಟ್-ಆನ್. ಅದರಾಗ ಮೂರು ಪ್ರಶ್ನೆ ಕೇಳ್ರಿ: ಬಿಎಸ್-4ಕ್ಕ ಮಾಡಿದ್ದೋ? 400 ಕಿಂಡಿದೋ? ಬಿಲ್ಲಿನ ಮ್ಯಾಲ ವಾರಂಟಿ ಬರಕೊಡತಾರೋ? ಒಳಗಿನ ಗೂಡಿನ ಗಾತ್ರವೂ ನೋಡ್ರಿ. 1.2 ಎಂಜಿನ್ನಿಗೆ ಮುಕ್ಕಾಲು ಲೀಟರಿನಷ್ಟಾದ್ರೂ ಗೂಡು ಇರಲಿ. ಅಂಗೈಯಾಗ ಹಿಡಿಸೋವಂಥಾ ಸಣ್ಣ ಬುಡ್ಡಿ ಕೊಟ್ರ ಬ್ಯಾಡ ಅನ್ರಿ. ಆನ್‌ಲೈನ್‌ದಾಗ ಸಿಗೋ ಅಗ್ಗದ್ದರಾಗ ಲೇಪ ಭಾಳ ತೆಳು, ನಾಕಾರು ತಿಂಗಳಿಗೆ ಅದ ಪಿ0420 ತಿರುಗಿ ಬರತೈತಿ.

ಮೂರನೇದು, ಅಪಘಾತ ಆಗಿ ಗುಜರಿಗೆ ಬಂದ ಅದ ಮಾಡೆಲ್ಲಿನ ಗಾಡಿದು. ಅಗ್ಗದಾಗ ಇದ ಚಲೋ, ಆದ್ರ ಓಡಿದ್ದು ಕಡಿಮಿ ಇರಬೇಕು, ಮುಂದಿನಿಂದ ಗುದ್ದಿರಬಾರದು. ಸೆನ್ಸರ್ ತೂತಿನ್ಯಾಗ ಸಣ್ಣ ಕ್ಯಾಮೆರಾ ಇಳಿಸಿ ಗೂಡಿನ ಮಾರಿ ನೋಡ್ರಿ, ಅಲ್ಲಾಡಿಸಿ ಕಿವಿಗೊಟ್ಟು ಕೇಳ್ರಿ. ಗೂಡು ತೆಗೆದು ಮಾರಿಕೊಂಡು ಖಾಲಿ ಡಬ್ಬಿ ಕೊಡೋರು ಅದಾರ, ಕೈಯಾಗ ಹಿಡಿದ್ರ ತೂಕದಾಗ ಗೊತ್ತಾಗತೈತಿ.

ನಿಮ್ಮದು ಮ್ಯಾನಿಫೋಲ್ಡಿಗೆ ಹತ್ತಿದ್ದು, ಅದನ್ನ ಕತ್ತರಿಸಿ ಬ್ಯಾರೆ ಡಬ್ಬಿ ವೆಲ್ಡ್ ಮಾಡಸಬ್ಯಾಡ್ರಿ. ಜಾಗ ಇಕ್ಕಟ್ಟು, ಕಾವು ಜಾಸ್ತಿ, ಒಂದು ಸೂಜಿ ತೂತು ಉಳಿದ್ರೂ ಸೆನ್ಸರ್ ಸುಳ್ಳು ಹೇಳತೈತಿ. ಸೀಟಿನ ಕೆಳಗಿನದು ಹೋಗಿದ್ರ ವೆಲ್ಡಿಂಗ್ ನಡೀತಿತ್ತು. ಆವಾಗ್ಲೂ ಡಬ್ಬಿಯಿಂದ ಎರಡು ಇಂಚು ದೂರ ಪೈಪಿನ ಮ್ಯಾಲ ವೆಲ್ಡ್ ಹಾಕಬೇಕು, ಇಲ್ಲಂದ್ರ ಗೂಡು ಹಿಡಿದ ಒಳಗಿನ ಮ್ಯಾಟ್ ಸುಡತೈತಿ. ಬ್ಯಾಟರಿ ನೆಗೆಟಿವ್ ಮೊದಲ ಬಿಚ್ಚಿರಬೇಕು.

ಗೋಳಗುಮ್ಮಟ 1.2

ಬಿಚ್ಚೂಮುಂದ ಸ್ಟಡ್ (ಎಂಜಿನ್ ಹೆಡ್ಡಿನ್ಯಾಗ ಕೂತ, ನಟ್ ಹಾಕೋ ಕಡ್ಡಿ) ಮುರೀತಾವ ಅಂತ ಅಂಜಿಕಿ ಅದ ಅಣ್ಣಾ. ಏನೇನು ತಂದಿಟ್ಟಕೋಬೇಕು?

ಉದ್ಯಮಬಾಗ ವೆಲ್ಡಿಂಗ್

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದು, ಕೆಳಗಿನ ಫ್ಲಾಂಜಿಗೆ ಡೋನಟ್ ಗ್ಯಾಸ್ಕೆಟ್ ಒಂದು, ಮ್ಯಾನಿಫೋಲ್ಡ್ ನಟ್ ಎಲ್ಲಾ ಹೊಸಾವು, ಫ್ಲಾಂಜಿನ ಸ್ಪ್ರಿಂಗ್ ಬೋಲ್ಟ್ ಎರಡು, ಸೈಲೆನ್ಸರ್ ರಬ್ಬರ್ ಹರದಿದ್ರ ಅವು. ಗ್ಯಾಸ್ಕೆಟ್ ಹಳೇದ ಹಾಕಿ ಸಿಲಿಕಾನ್ ಪೇಸ್ಟ್ ಬಳಿಯೋದು ನಮ್ಮ ಕಡೆ ಚಟ. ಎಕ್ಸಾಸ್ಟಿಗೆ ಅದು ಬ್ಯಾಡ, ಸಿಲಿಕಾನ್ ಹೊಗಿ ಸೆನ್ಸರನ್ನ ಕುರುಡು ಮಾಡತೈತಿ.

ಹಿಂದಿನ ರಾತ್ರಿ ಎಲ್ಲಾ ನಟ್ಟಿಗೂ ತುಕ್ಕಿನ ಎಣ್ಣಿ ಬಿಡ್ರಿ, ಮುಂಜಾನೆ ಇನ್ನೊಮ್ಮೆ. ನಟ್ ಸಡ್ಲ ಮಾಡೋಕ್ಕಿಂತ ಮೊದಲು ಕೂದಲಷ್ಟು ಬಿಗಿ ಮಾಡ್ರಿ, ಟಿಕ್ ಅಂತ ತುಕ್ಕು ಬಿಟ್ಟ ಸಪ್ಪಳ ಬರತೈತಿ, ಆಮ್ಯಾಲ ತಿರುವ್ರಿ. ಅಂಟಿಕೊಂತು ಅನಿಸಿದ್ರ ಜೋರು ಮಾಡದ ಒಂದು ಸುತ್ತು ಬಿಚ್ಚಿ ಅರ್ಧ ಸುತ್ತು ವಾಪಸ್, ಹಂಗ ಬಾ ಹೋಗು ಆಡಸ್ರಿ. ಅಲ್ಯುಮಿನಿಯಂ ಹೆಡ್ಡಿನ್ಯಾಗ ಸ್ಟಡ್ ಮುರದ್ರ ಡ್ರಿಲ್ ಹಿಡೀಬ್ಯಾಡ್ರಿ. ತುಂಡಿನ ಮ್ಯಾಲ ನಟ್ ಇಟ್ಟು ಮಿಗ್ ವೆಲ್ಡ್ ಹಚ್ಚಿದ್ರ ಆ ಕಾವಿಗೇ ಸಡ್ಲಾಗಿ ಬರತೈತಿ. ಕೆಳಗ ಹೋಗೂದಿದ್ರ ಜಾಕಿನ ಮ್ಯಾಲ ಭರೋಸಾ ಬ್ಯಾಡ, ಸ್ಟ್ಯಾಂಡ್ ಹಾಕ್ರಿ. ಇಟ್ಟಂಗಿ ಅಂತೂ ಬ್ಯಾಡೇ ಬ್ಯಾಡ.

ಹಾಕೂಮುಂದ ನಡುವಿನ ನಟ್ಟಿನಿಂದ ಹೊರಗ, ಎರಡು ಸುತ್ತಿನ್ಯಾಗ ಬಿಗಿ. ಸೆನ್ಸರ್ 40–45 ನ್ಯೂಟನ್ ಮೀಟರ್. ಥ್ರೆಡ್ಡಿಗಷ್ಟ ಆಂಟಿ-ಸೀಜ್ (ಅಂಟಿಕೊಳ್ಳದಂಗ ಬಳಿಯೋ ಪೇಸ್ಟ್), ತುದಿಗೆ ಹತ್ತಬಾರದು. ಸೆನ್ಸರ್ ಎರಡೂ ಚಲೋ ಅದಾವು ಅಂತ ನಿಮ್ಮ ಗ್ರಾಫ್ ಹೇಳಾಕತ್ತೈತಿ, ಹೊಸಾವು ಯಾಕ? ಆ ರೊಕ್ಕದಾಗ ಕಾಯಿಲ್ (ಪ್ಲಗ್ಗಿಗೆ ಕಿಡಿ ಕೊಡೋದು) ತರ್ರಿ.

ಎಲ್ಲಾ ಕೂಡಿಸಿ ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು, ಪ್ರತಿ ಜಾಯಿಂಟಿಗೂ ಸಾಬೂನು ನೀರು ಹೊಡೀರಿ. ಗುಳ್ಳಿ ಬಂದ ಕಡೆ ಲೀಕ್. ಹೊಗಿ ಮಶೀನ್ ಬ್ಯಾಡ.

ನವನಗರ ವೈರಿಂಗ್

ಕಾಯಿಲ್ ಮಾತು ಬಂತು, ಪಿ0302 ಮರೀಬ್ಯಾಡ್ರಿ. ಎರಡನೇ ಸಿಲಿಂಡರ್ ಕಾಯಿಲ್ ಮೂರನೇದಕ್ಕ ಹಾಕ್ರಿ, ಪ್ಲಗ್ ನಾಲ್ಕನೇದಕ್ಕ. ಕೋಡ್ ಪಿ0303 ಆತು ಅಂದ್ರ ಕಾಯಿಲ್, ಪಿ0304 ಅಂದ್ರ ಪ್ಲಗ್, ಪಿ0302ನೇ ಉಳೀತು ಅಂದ್ರ ಇಂಜೆಕ್ಟರ್ ಇಲ್ಲಾ ಕಂಪ್ರೆಶನ್. ಈ ಪರೀಕ್ಷಾ ಹಳೇ ಕ್ಯಾಟ್ ಇದ್ದಾಗ್ಲೇ ಮುಗಸ್ರಿ.

ಮಿಸ್ ಹುಡುಕಾಕ ಎಂಜಿನ್ ನಡದಾಗ ಒಂದೊಂದು ಕಾಯಿಲ್ ಕಿತ್ತು ನೋಡೋದು ಕಾರ್ಬ್ಯುರೇಟರ್ ಕಾಲದ ರೂಢಿ. ಕಾಯಿಲ್ ಕಿತ್ರ ಪೆಟ್ರೋಲ್ ಬರೋದು ನಿಲ್ಲೂದಿಲ್ಲ, ಹಸೀ ಪೆಟ್ರೋಲ್ ಸೀದಾ ಕ್ಯಾಟಿಗೆ. ಕೀಳೂದಿದ್ರ ಇಂಜೆಕ್ಟರ್ ಸಾಕೆಟ್ ಕೀಳ್ರಿ. ಚೆಕ್ ಲೈಟ್ ಮಿಣಮಿಣ ಮಿಂಚಿದ್ರ ಅದು ಮಿಸ್ ಹೊಡದು ಕ್ಯಾಟ್ ಸುಡಾಕತ್ತೈತಿ ಅನ್ನೋ ಕೂಗು, ಆಕ್ಸಲರೇಟರ್ ಬಿಟ್ಟು ಬದಿಗೆ ನಿಲ್ರಿ.

ಪ್ಲಗ್ ಬಾವ್ಯಾಗ ಎಣ್ಣಿ ನಿಂತಿದ್ರ ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಿಸ್ರಿ, ಇಲ್ಲಂದ್ರ ಹೊಸ ಕಾಯಿಲ್ಲಿನ ರಬ್ಬರೂ ಹಾಳು. ಸಾವಿರ ಕಿಲೋಮೀಟರಿಗೆ ಎಣ್ಣಿ ಎಷ್ಟು ಇಳೀತೈತಿ ಬರದಿಡ್ರಿ. ಎಣ್ಣ್ಯಾಗಿನ ರಂಜಕ, ಜಿಂಕ್ ಕ್ಯಾಟಿನ ಲೇಪ ಮುಚ್ಚತಾವು. ಕೂಲಂಟ್ ಕಾರಣ ಇಲ್ಲದ ಕಡಿಮಿ ಆದ್ರೂ ಅದ ಗತಿ.

ಗೋಳಗುಮ್ಮಟ 1.2

ಕಾಯಿಲ್ ಅದಲು ಬದಲು ಮಾಡಿದೆ, ಎರಡು ದಿನಕ್ಕ ಪಿ0303 ಬಂತು. ಕಾಯಿಲ್ಲೇ ಅಪರಾಧಿ. ಪ್ಲಗ್ ಬಾವಿ ಒಣಗಿದ್ದವು. ಗುಜರಿಯೊಳಗ ಹಿಂದಿನಿಂದ ಗುದ್ದಿದ ಅದ ಮಾಡೆಲ್ಲಿನದು ಒಂದು ಸಿಕ್ಕದ, ಕ್ಯಾಮೆರಾದಾಗ ಗೂಡು ಸಾಫ್ ಕಾಣ್ತದ. ಹಾಕಿದ ಮ್ಯಾಲ ಕೋಡ್ ಅಳಿಸಿದ್ರ ಸಾಕೇನ್ರಿ?

ಓಬಿಡಿ ಕಾಕಾ

ಅಳಿಸಿದ್ರ ಲೈಟ್ ಆರತೈತಿ, ಪರೀಕ್ಷಾ ಮುಗಿದಂಗಲ್ಲ. ಆ್ಯಪಿನ್ಯಾಗ ರೆಡಿನೆಸ್ (ಗಾಡಿ ತನ್ನ ಪರೀಕ್ಷಾ ಮುಗಿಸೈತೋ ಇಲ್ಲೋ ಅನ್ನೋ ಪಟ್ಟಿ) ಅಂತ ಇರತೈತಿ, ಅಲ್ಲಿ ಕ್ಯಾಟಲಿಸ್ಟ್ ಮುಂದ "ಪೂರ್ಣ" ಬರೋತನಕ ಗೆದ್ದಿ ಅನ್ನಬ್ಯಾಡ. ರಾತ್ರಿ ಪೂರ್ತಿ ನಿಂತ ಗಾಡಿ ಚಾಲೂ ಮಾಡಿ ಎರಡು ಮೂರು ಮಿನಿಟ್ ಐಡಲ್. ಆಮ್ಯಾಲ ಹೈವೇದಾಗ 70–90ರ ಒಳಗ ಒಂದ ವೇಗಕ್ಕ ಹದಿನೈದು ಮಿನಿಟ್. ಬ್ರೇಕ್ ಹಾಕದ ಗೇರಿನ್ಯಾಗೇ ಬಿಟ್ಟು 40ಕ್ಕ ಇಳಸು. ಇದನ್ನ ಎರಡು ಮೂರು ಸಲ ಮಾಡು. ಟ್ಯಾಂಕ್ ಕಾಲು ಭಾಗಕ್ಕಿಂತ ಮ್ಯಾಲ, ಮುಕ್ಕಾಲಿಗಿಂತ ಕೆಳಗ ಇರಲಿ, ಕೆಲವು ಗಾಡಿ ಅದನ್ನೂ ನೋಡತಾವು. ಆಮ್ಯಾಲ ಮೋಡ್ 6 (ಆ ಪರೀಕ್ಷಾದ ಅಂಕಿ ತೋರಿಸೋ ಪುಟ) ತಗದು ಕ್ಯಾಟಲಿಸ್ಟ್ ಅಳತಿ ಅದರ ಮಿತಿಗೆ ಎಷ್ಟು ಹತ್ರ ಐತಿ ನೋಡು. ಗುಜರಿಯ ಕ್ಯಾಟ್ ಮಿತಿಯ ಅಂಚಿನ್ಯಾಗ ಇದ್ರ ಈಗ್ಲೇ ಗೊತ್ತಾದ್ರ ವಾಪಸ್ ಕೊಡಬಹುದು. ಅದಕ್ಕ ಅಂಗಡಿಯವರ ಕಡೆ ಎಂಟು ದಿನದ ಮಾತು ಮೊದಲ ತಗೊಂಡಿರು.

ಗೋಳಗುಮ್ಮಟ 1.2

ಹಿಂದಿನ ಸೆನ್ಸರ್ 0.66ರಿಂದ 0.71. ಮುಂದಿನ ತೂತಿನ ಒತ್ತಡ 2500ಕ್ಕ ಎರಡು. ಕ್ಯಾಟಲಿಸ್ಟ್ ಪೂರ್ಣ ಅಂತ ಬಂದದ. ಈಗ ಸ್ಪೀಡ್ ಬ್ರೇಕರಿಗೆ ಸಣ್ಣ ಗಲಗಲ ಕೇಳ್ತದ, ಮತ್ತ ಒಳಗ ಒಡೀತೇನ್ರಿ?

ಉದ್ಯಮಬಾಗ ವೆಲ್ಡಿಂಗ್

ಒತ್ತಡ ಎರಡೇ ಐತಿ ಅಂದ್ರ ಒಳಗಿನದಲ್ಲ, ಹೊರಗಿನ ಹೀಟ್ ಶೀಲ್ಡ್ (ಕಾವು ತಡೆಯೋ ತಗಡು) ಸಡ್ಲಾಗೈತಿ. ಕೈಲೆ ಒತ್ತಿ ಹಿಡಿದು ಬಡೀರಿ, ಸಪ್ಪಳ ನಿಂತ್ರ ಅದ. ಸ್ಟೀಲಿನ ದೊಡ್ಡ ಹೋಸ್ ಕ್ಲಿಪ್ ಎರಡು ಜೋಡಿಸಿ ಸುತ್ತ ಬಿಗೀರಿ. ಕಿತ್ತು ಒಗೀಬ್ಯಾಡ್ರಿ. ರಾಶಿ ದಿನದಾಗ ರಸ್ತೆ ಮ್ಯಾಲ ಹುರಳಿ, ತೊಗರಿ ಹಾಸಿರತಾರ, ಆ ಹೊಟ್ಟು ಕೆಳಗ ಸುತ್ತಿಕೊಂಡು ಕ್ಯಾಟಿಗೆ ತಾಗಿ ಗಾಡಿಗೇ ಬೆಂಕಿ ಹತ್ತಿದ್ದು ನಮ್ಮ ಜಿಲ್ಲೆಗೆ ಹೊಸದಲ್ಲ. ಹಂಗ ದಾಟಿ ಬಂದ್ರ ಮುಂದ ನಿಲ್ಲಿಸಿ, ಟಾರ್ಚ್ ಹಾಕಿ ಕೆಳಗ ಬಗ್ಗಿ ನೋಡಿ, ಹೊಟ್ಟು ಸಿಕ್ಕಿದ್ರ ಕಟ್ಟಿಗಿಯಿಂದ ಎಳದು ಹಾಕಿ ಹೊಂಡ್ರಿ.